ಅತ್ತಿಗೆ ಎತ್ತಿದ ಭಜನೆ

ಮಧ್ಯಾಹ್ನ ಮೂರೂವರೆಗೆ ಅಣ್ಣನಿಗೆ ಏಡಿಗಳು ಕಾಣಿಸತೊಡಗಿದವು. ಧಾರವಾಡದ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ಆಗಷ್ಟೇ ಗೋಡೆಯ ಗಡಿಯಾರಕ್ಕೆ ಕೀಲಿ ಕೊಟ್ಟು ಇಳಿದಿದ್ದೆ; ಅದಕ್ಕೇ ಹೊತ್ತು ನೆನಪಿದೆ. "ಗೋಡೆ ತುಂಬ ಏಡಿ ಅದೆ, ನೋಡಾ" ಎಂದ. ಗೋಡೆಯ ಮೇಲೆ ಏನೂ ಇರಲಿಲ್ಲ. ಅವು ಇಳಿದುಬಂದು, ಚಾಪೆಯ ಮೇಲೆ ಮಲಗಿದ್ದ ತನ್ನ ಮಗುವಿನ ಎದೆ ಹತ್ತುತ್ತಿರುವುದು ಅವನಿಗೆ ಕಂಡಿತು. ಮೂಲೆಯಲ್ಲಿದ್ದ ಕತ್ತಿ ಎತ್ತಿದ. ನಾನು ಅವನ ರಟ್ಟೆಗೆ ಜೋತುಬಿದ್ದೆ. ಅಡುಗೆಮನೆಯಿಂದ ಓಡಿಬಂದ ಅತ್ತಿಗೆ ಮಗು ಸಮೇತ ಚಾಪೆಯನ್ನು ಎಳೆದಳು. ಕತ್ತಿ ಸೆಗಣಿ ಸಾರಿಸಿದ ನೆಲಕ್ಕೆ ನಾಟಿತು. ನಡೆದದ್ದು ಇಷ್ಟೇ. ಆದರೆ ಇಂದಿಗೂ ಕೆಲವೊಮ್ಮೆ ಕಣ್ಣು ಮುಚ್ಚಿದರೆ ಚಾಪೆ ಸರಿಯುವುದೇ ಇಲ್ಲ.

ಅಣ್ಣ ಹೊನ್ನಾವರದ ತಾರಿ ದೋಣಿಯಲ್ಲಿ ಜನರನ್ನು ಶರಾವತಿ ದಾಟಿಸುತ್ತಿದ್ದ. ಸಾರಾಯಿ ಇಲ್ಲದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಎರಡು ದಿನ ಮೊದಲು ಭಜನೆ ಮನೆ ನಡೆಸುತ್ತಿದ್ದ ಹಿರಿಯರೊಬ್ಬರು ಅವನನ್ನು ದೇವರ ಮುಂದೆ ನಿಲ್ಲಿಸಿ, ತೆಂಗಿನಕಾಯಿ ಮುಟ್ಟಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಹಾಕಿಸಿದ್ದರು. ಅವನು ಕುಡಿದಿರಲಿಲ್ಲ. ಸಂಜೆ ಕುಮಟೆಯಿಂದ ಬಂದ ಡಾಕ್ಟರು ಹೇಳಿದ್ದೂ ಅದನ್ನೇ: ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ, ಜೀವವೂ ಹೋಗಬಹುದು. ಔಷಧಿ ಕೊಟ್ಟು, ಇವನನ್ನು ಒಂದು ಗಳಿಗೆಯೂ ಒಬ್ಬನನ್ನೇ ಬಿಡಬೇಡಿ ಎಂದರು. ಆ ರಾತ್ರಿ ಅತ್ತಿಗೆ ಒಂದು ಬದಿ, ನಾನೊಂದು ಬದಿ ಕುಳಿತೆವು. ಇಬ್ಬರಿಂದ ಎಷ್ಟು ರಾತ್ರಿ ಆದೀತು?

ಕೇರಿಯ ತೀರ್ಪು ಬೇರೆಯಿತ್ತು. ಕದ್ದು ಕುಡಿದಿದ್ದಾನೆ, ಆಣೆ ತಪ್ಪಿದ್ದಕ್ಕೆ ದೇವರು ತಲೆ ಕೆಡಿಸಿದ್ದಾನೆ! ಬೆಳಿಗ್ಗೆ ಹಿರಿಯರು ಅಂಗಳದಲ್ಲೇ ನಿಂತು, "ತಪ್ಪುಕಾಣಿಕೆ ಇಡೂವರೆಗೆ ಅಂವ ಭಜನೆಗೆ ಬರೂದು ಬೇಡ. ಯಾರೂ ಈ ಜಗಲಿ ಹತ್ತೂದೂ ಬೇಡ" ಎಂದರು.

"ಅವ್ರು ಕುಡದದ್ದು ನೀವು ಕಂಡ್ರಾ, ಮಾವ?" ಅತ್ತಿಗೆ ಕೇಳಿದಳು.

"ಕಾಣೂದು ಎಂತಕ್ಕೆ? ಲಕ್ಷಣವೇ ಹೇಳ್ತದೆ."

"ಆತು. ಅವ್ರು ಭಜನೆಗೆ ಬರೂದು ಬೇಡ. ಭಜನೆಯೇ ಇಲ್ಲಿಗೆ ಬರ್ಲಿ."

ಒಳಗಿನಿಂದ ಕಾಲುದೀಪ ತಂದು ಜಗಲಿಯಲ್ಲಿಟ್ಟು ಹಚ್ಚಿದಳು. ತಾಳ ಹಿಡಿದು ಹಾಡತೊಡಗಿದಳು.

ನಮ್ಮ ಕಡೆ ಸಪ್ತಾಹಕ್ಕೆ ಒಂದು ಕಟ್ಟಳೆ. ದೀಪ ಹಚ್ಚಿ ಹಾಡು ಎತ್ತಿದ ಮೇಲೆ ಏಳು ದಿನ ಹಗಲೂ ರಾತ್ರಿ ಅದು ನಿಲ್ಲಬಾರದು. ಮನೆಮನೆಯವರು ಪಾಳಿಯ ಮೇಲೆ ಬಂದು ಹಾಡಬೇಕು. ನಡುವೆ ನಿಂತರೆ ದೋಷ ಇಡೀ ಕೇರಿಗೆ. ಹೆಂಗಸು ಎತ್ತಿದರೂ ಹಾಗೆಯೇ ಎಂದು ಕಟ್ಟಳೆಯಲ್ಲಿರಲಿಲ್ಲ, ಅಲ್ಲವೆಂದೂ ಇರಲಿಲ್ಲ. ಅಲ್ಲಿಯವರೆಗೆ ಯಾವ ಹೆಂಗಸೂ ಎತ್ತಿರಲಿಲ್ಲ.

"ಎಂತ ಹುಚ್ಚಾ ಇದು! ದೀಪ ಆರ್ಸು!" ಹಿರಿಯರು ಕೂಗಿದರು. ಉತ್ತರ ಕೊಟ್ಟರೆ ಹಾಡು ನಿಲ್ಲುತ್ತದೆ, ಅತ್ತಿಗೆ ಹಾಡುತ್ತಲೇ ಹೋದಳು. ಎದುರುಮನೆಯ ಮುದುಕಿ ಬೇಲಿಯಾಚೆಯಿಂದ, "ಆರ್ಸೂದಾದ್ರೆ ನೀವೇ ಆರ್ಸಿ. ದೋಷ ನಿಮ್ಮ ತಲೆ ಮೇಲೆ ಇರ್ಲಿ, ನಮಗೆ ಬೇಡ" ಎಂದಳು. ಹಿರಿಯರು ಕೊಡೆ ಬಿಡಿಸಿಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ಅತ್ತಿಗೆಯ ಗಂಟಲು ಒಡೆಯಿತು. ನಾನು ಹಾಡಿದೆ, ನನ್ನ ದನಿಗೆ ನಾಯಿ ಬೊಗಳಿತು. ಸಂಜೆ ತಾರಿಯವರು ಬಂದು ಜಗಲಿ ಹತ್ತಿದರು. ಅವರಲ್ಲಿ ಅಣ್ಣನ ಜೊತೆ ದಿನವೂ ಕುಡಿಯುತ್ತಿದ್ದವನೂ ಇದ್ದ. ಮರುದಿನ ಉಳಿದ ಮನೆಗಳವರು ಬಂದರು, ಮಹಾಯುದ್ಧದಿಂದಾಗಿ ಎಣ್ಣೆಗೂ ಬರ ಬಿದ್ದಿದ್ದ ಆ ಕಾಲದಲ್ಲೂ ದೀಪಕ್ಕೆಂದು ಕರಟದಲ್ಲಿ ಎಣ್ಣೆ ಹಿಡಿದುಕೊಂಡು. ಕೊನೆಗೆ ಹಿರಿಯರೂ ಬಂದರು, ಯಾರ ಮುಖವನ್ನೂ ನೋಡದೆ ತಮ್ಮ ಪಾಳಿ ಹಾಡಿ ಎದ್ದರು.

ಅಣ್ಣ ಯಾವಾಗಲೂ ಇಬ್ಬರ ನಡುವೆ ಇರುತ್ತಿದ್ದ. ಕೂಗಿದಾಗ ಹಿಡಿದುಕೊಂಡರು, ಬೆವೆತಾಗ ಒರೆಸಿದರು. ಕೂರಲು ಆದಾಗ ಕೈಗೆ ತಾಳ ಕೊಟ್ಟರು. ತಾಳ ಎಲ್ಲೆಲ್ಲೋ ಬೀಳುತ್ತಿತ್ತು.

"ಮಾರಾಯ, ನಿನ್ನ ತಾಳಕ್ಕೆ ಕುಣಿದ್ರೆ ದೇವ್ರ ಕಾಲೇ ಮುರೀತದೆ" ಎಂದ ಆ ಹಳೆಯ ಜೊತೆಗಾರ.

ಅಣ್ಣ ನಕ್ಕ. ಅವನ ಹಲ್ಲು ಕಂಡು ಅತ್ತಿಗೆ ಒಳಗೆ ಹೋಗಿ ಅತ್ತಳು.

ಆಣೆಯ ಬಲದಿಂದಲೇ ಅವನು ಬಿಟ್ಟನೆನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಮುಂದೆ ಒಮ್ಮೆ ಅವನು ಮತ್ತೆ ಜಾರಿದಾಗಲೂ ಎತ್ತಿ ತಂದವರು ಅದೇ ಪಾಳಿಯವರು. ಆಣೆ ಅವನನ್ನು ಒಬ್ಬಂಟಿಯಾಗಿ ಮನೆಗೆ ಕಳಿಸಿತ್ತು. ನನ್ನ ದೇವರೆಲ್ಲಿ ಎಂದು ಕೇಳಿದರೆ ಆ ಜಗಲಿಯ ಕಡೆ ಕೈ ತೋರಿಸುತ್ತೇನೆ. ತಪ್ಪುಕಾಣಿಕೆಯನ್ನು ನಾವು ಇಡಲೇ ಇಲ್ಲ.

ಏಳನೆಯ ದಿನ ಮಂಗಳ ಹಾಡಿದರು. ಆ ರಾತ್ರಿ ಮನೆಯವರೆಲ್ಲ ಒಂದೇ ಸಾಲಿನಲ್ಲಿ ಮಲಗಿದೆವು. ಮರುದಿನ ಮೀನಿನವಳು ಅಂಗಳದಲ್ಲಿ ನಿಂತು, "ಮನೇಲಿ ಯಾರೂ ಇಲ್ವಾ?" ಎಂದು ಕೂಗಿದಾಗ ಬಿಸಿಲೇರಿತ್ತು. ಅಣ್ಣ ಗೊರಕೆ ಹೊಡೆಯುತ್ತಿದ್ದ. ಅವನ ನಿದ್ದೆ ಕೆಡದಿರಲೆಂದು ನಾನು ಓಗೊಡದೆ ಮಗ್ಗುಲಾದೆ.