ಗಾದಿಯ ಮೇಲಿನ ಕೌದಿ

ನಾನು ಮದುವೆಯಾಗಿ ಶಿರಸಿಗೆ ಬಂದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ಬನವಾಸಿ ಹತ್ತಿರದ ಹಳ್ಳಿ. ಅಲ್ಲಿ ಹಗಲು ಹೊತ್ತಿನಲ್ಲಿ ಮನೆಯ ಕದ ಹಾಕಿದ್ದನ್ನು ನಾನು ನೋಡಿದವಳಲ್ಲ. ಹೊಲಕ್ಕೆ, ಹೊಳೆಗೆ, ಗೆಳತಿಯರ ಮನೆಗೆ ಯಾರನ್ನೂ ಕೇಳದೆ ಓಡಾಡಿ ಬೆಳೆದಿದ್ದೆ.

ಗಂಡನ ಮನೆಯವರದು ಜವಳಿ ವ್ಯಾಪಾರ. ರಸ್ತೆಗೆ ಅಂಗಡಿ, ಅದರ ಹಿಂದೆ ಒಂದರ ಬೆನ್ನಿಗೊಂದು ಕತ್ತಲೆ ಕೋಣೆ, ಕೊನೆಗೆ ಹಿತ್ತಲು, ಹಿತ್ತಲಿಗೆ ಆಳೆತ್ತರದ ಗೋಡೆ. ಹೊರಗೆ ಹೋಗಬೇಕೆಂದರೆ ಅಂಗಡಿಯ ಮೂಲಕವೇ ಹೋಗಬೇಕು. ಅಲ್ಲಿ ಗಾದಿಯ ಮೇಲೆ ಮಾವನವರು ಕೂತಿರುತ್ತಿದ್ದರು. ಮನೆಯ ಹೆಂಗಸರು ಅವರ ಮುಂದೆ ಹಾದು ರಸ್ತೆಗೆ ಇಳಿಯುವ ರೂಢಿ ಇರಲಿಲ್ಲ. ಹಬ್ಬಕ್ಕೋ ಹುಣ್ಣಿಮೆಗೋ ಅತ್ತೆಯ ಜೊತೆ ದೇವಸ್ಥಾನಕ್ಕೆ ಹೋಗುವುದಿದ್ದರೆ ಅಂಗಡಿ ತೆರೆಯುವ ಮೊದಲೇ ಹೋಗಿ ಬಂದುಬಿಡಬೇಕು.

ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಉಣ್ಣುವುದಕ್ಕೆ, ಉಡುವುದಕ್ಕೆ ಕೊರತೆ ಇರಲಿಲ್ಲ. ಹಾಗಾಗಿ ನನ್ನ ಕಷ್ಟ ಏನೆಂದು ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಮಾತೇ ಸಿಗುತ್ತಿರಲಿಲ್ಲ. ಗಂಡ ಮಾಲು ತರಲು ಹುಬ್ಬಳ್ಳಿಗೆ ಹೋದರೆ ವಾರಗಟ್ಟಲೆ ಅಲ್ಲೇ. ಊರಲ್ಲಿದ್ದಾಗಲೂ ಅಪ್ಪನ ಎದುರು ಬಾಯಿ ತೆರೆಯುತ್ತಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಸಂಜೆಯವರೆಗೆ ಹೊತ್ತು ಸರಿಯುತ್ತಲೇ ಇರಲಿಲ್ಲ. ಎಷ್ಟೋ ಸಲ ಹಿತ್ತಲ ಗೋಡೆಗೆ ಕಿವಿಗೊಟ್ಟು, ಆಚೆ ಹೋಗುವವರ ಮಾತು ಕೇಳುತ್ತ ನಿಂತಿದ್ದೇನೆ.

ಇಂಥದರಲ್ಲಿ ಒಂದು ದಿನ ಕನ್ನಡ ಶಾಲೆಯಲ್ಲಿ ಕಲಿಸುವ ಅಕ್ಕೋರು ಅಂಗಡಿಗೆ ಬಂದರು. ಹೆರಿಗೆ ಆಸ್ಪತ್ರೆಗೆ ಮಂಚ ಕೊಳ್ಳಲೆಂದು ಊರಿನ ಹೆಂಗಸರೆಲ್ಲ ಸೇರಿ ಶಾಲೆಯ ಬಯಲಲ್ಲಿ ಆನಂದ ಬಜಾರ ಮಾಡುವವರಿದ್ದರು. ಅಲ್ಲಿ ಮಾರಲು ಒಂದು ದೊಡ್ಡ ಕೌದಿ ಹೊಲಿಯುವ ಯೋಚನೆ. ಅದಕ್ಕೆ ತುಂಡು ಬಟ್ಟೆ ಕೊಡಿ ಎಂದು ಕೇಳಲು ಬಂದಿದ್ದರು. ಮಾವನವರಿಗೆ ದಾನವೆಂದರೆ ಹೆಮ್ಮೆ. ಒಂದು ಗಂಟನ್ನೇ ಕೊಟ್ಟು, ಒಳಗೆ ನನಗೆ ಕೇಳುವಂತೆ ಹೇಳಿದರು:

"ನಮ್ಮ ಸೊಸಿ ಕೌದಿ ಭಾಳ ಚಲೋ ಹೊಲೀತಾಳ್ರಿ. ಆದ್ರ ಆಕಿ ಹೊರಗ ಬರೂದಿಲ್ಲ. ನೀವ ಇಲ್ಲಿಗೆ ಬರ್ರಿ."

ಹಾಗೆ ನಮ್ಮ ಮನೆಯ ಅಟ್ಟದಲ್ಲಿ, ಬಟ್ಟೆಯ ಮೂಟೆಗಳ ನಡುವೆ, ಕೌದಿಯ ಕೆಲಸ ಶುರುವಾಯಿತು. ನಾವು ನಾಲ್ವರು. ಅಕ್ಕೋರು ಮದುವೆಯಾಗದವರು, ನಡುವಯಸ್ಸಿನವರು. ಇನ್ನೊಬ್ಬರು ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲ್ ಇಟ್ಟಿದ್ದ ಕೊಂಕಣಿಯವರ ಹೆಂಡತಿ. ಅವರನ್ನು ನಾವೆಲ್ಲ ಬಾಯಿ ಎನ್ನುತ್ತಿದ್ದೆವು. ಬರುವಾಗ ಬಾಳೆಲೆಯಲ್ಲಿ ಬನ್ಸ್ ಕಟ್ಟಿಕೊಂಡೇ ಬರುತ್ತಿದ್ದರು. ಮೂರನೆಯವಳು ನಿಲ್ಕುಂದ ಕಡೆಯ ಹವ್ಯಕರ ಹುಡುಗಿ. ನೆಂಟರ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದಳು. ಅವಳಿಗೆ ಹೊಲಿಗೆ ಬರುತ್ತಲೇ ಇರಲಿಲ್ಲ. ಮೊದಲ ದಿನವೇ ಬೆರಳಿಗೆ ದಬ್ಬಣ ಚುಚ್ಚಿಕೊಂಡು, "ಇದೆಂತ ಸೂಜಿನೋ ಗುದ್ದಲಿನೋ!" ಎಂದು ನಕ್ಕಳು.

ಕೆಳಗೆ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ನಾಲ್ಕು ಅಂಚಿಗೆ ನಾಲ್ವರು ಕೂತು ನಡುವಿನತ್ತ ಸಾಲುಸಾಲು ಹೊಲಿಯುತ್ತ ಬಂದೆವು. ಅತ್ತೆ ಮೆಟ್ಟಿಲ ಬುಡದಲ್ಲಿ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಮಾತು ನಿಂತು ಪಿಸುಗುಟ್ಟುವುದು ಕೇಳಿದರೆ ಕೆಮ್ಮುವರು. ನಾವು ಮತ್ತೆ ಗಟ್ಟಿಯಾಗಿ ದಾರದ ಮಾತು, ಬಣ್ಣದ ಮಾತು ಆಡುವೆವು. ಆದರೂ ಬಾಯಿ ಬಂದರೆಂದರೆ ಬಸ್ ಸ್ಟ್ಯಾಂಡೇ ನಮ್ಮ ಅಟ್ಟಕ್ಕೆ ಬಂದ ಹಾಗೆ. ಯಲ್ಲಾಪುರದ ಬಸ್ಸು ಎಲ್ಲಿ ಕೆಟ್ಟು ನಿಂತಿತು, ಹೊಸ ಕಂಡಕ್ಟರ್ ಯಾರ ಜೊತೆ ಜಗಳ ತೆಗೆದ, ಎಲ್ಲ ಗೊತ್ತಾಗುತ್ತಿತ್ತು. ಕಾಲೇಜಿನ ಹುಡುಗಿ ಪಾಠ ಹೇಳಿದಷ್ಟೇ ಸಲೀಸಾಗಿ ಪ್ರೊಫೆಸರರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಆ ಮನೆಯಲ್ಲಿ ನಾನು ಮೊದಲ ಬಾರಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅಲ್ಲಿ. ಆದರೆ ಹೊತ್ತಿಳಿದು ಅವರು ಚಪ್ಪಲಿ ಹಾಕಿಕೊಂಡು ಅಂಗಡಿಯ ಮೆಟ್ಟಿಲಿಳಿದು ಹೋಗುವ ಸದ್ದು ಕೇಳಿದಾಗ ನಾನು ಅಟ್ಟದ ಕಿಟಕಿಗೆ ಓಡುತ್ತಿದ್ದೆ. ಅವರು ಬರದಿದ್ದ ದಿನಗಳಲ್ಲಿ ಅಷ್ಟು ನೋವಾಗುತ್ತಿರಲಿಲ್ಲ.

ಕೌದಿ ಮುಗಿಯುತ್ತ ಬಂದಾಗ ಅಕ್ಕೋರು ಅತ್ತೆಯನ್ನು ಕೇಳಿದರು. "ಅವ್ವಾರ, ಬಜಾರದ ದಿನ ನಿಮ್ಮ ಸೊಸಿನ್ನೂ ಕಳಸ್ರಿ. ಹೊಲಿದಾಕಿನ ಇಲ್ಲದಿದ್ರ ಹ್ಯಾಂಗ?"

"ಅವರನ್ನ ಕೇಳಿ ಹೇಳ್ತೇನಿ" ಎಂದರು ಅತ್ತೆ.

ಆ ಮಾತಿನ ಮೇಲೆ ನಾನು ಉಡುವ ಸೀರೆ ಆರಿಸಿಟ್ಟೆ. ಬಯಲಿನಲ್ಲಿ ಎಲ್ಲಿ ನಿಲ್ಲುವುದು, ಬಂದವರಿಗೆ ಏನು ಹೇಳುವುದು ಎಂದೆಲ್ಲ ಮನಸ್ಸಿನಲ್ಲೇ ಆಡಿಕೊಂಡೆ. ಬಜಾರದ ದಿನ ಬೆಳಿಗ್ಗೆ ಮಾವನವರು ಊಟಕ್ಕೆ ಕೂತಾಗ ಅತ್ತೆ ವಿಷಯ ತೆಗೆದರು. ಅವರು ರೊಟ್ಟಿ ಮುರಿಯುತ್ತಲೇ ಹೇಳಿದರು: "ಕೌದಿ ಹೋಗ್ತದಲ್ಲ, ಸಾಕು." ಅತ್ತೆ ನನ್ನತ್ತ ನೋಡದೆ ಪಲ್ಯ ಬಡಿಸಿದರು.

ಅಟ್ಟದ ಕಿಟಕಿಯ ಸರಳು ಹಿಡಿದು ಇಡೀ ಮಧ್ಯಾಹ್ನ ನಿಂತಿದ್ದೆ. ಬಯಲು ಕಾಣುತ್ತಿರಲಿಲ್ಲ. ಧ್ವನಿವರ್ಧಕದ ಸದ್ದು ಮಾತ್ರ ಗಾಳಿ ಬಂದಾಗ ಕೇಳುತ್ತಿತ್ತು. ಯಾರೋ ಹರಾಜಿನ ಸವಾಲು ಕೂಗುತ್ತಿದ್ದರು, ಜನ ನಗುತ್ತಿದ್ದರು. ನಮ್ಮ ಕೌದಿ ಯಾರ ಮನೆಗೆ ಹೋಗುತ್ತದೋ, ಯಾವ ಊರಿಗೋ, ಯಾವ ಮಗುವಿಗೆ ಹೊದಿಸುತ್ತಾರೋ ಎಂದು ಯೋಚಿಸುತ್ತಿದ್ದೆ. ಅದಾದರೂ ಈ ಮನೆ ದಾಟಿತಲ್ಲ ಎಂದು ಸಮಾಧಾನವೇ ಆಗಿತ್ತು.

ದೀಪ ಹಚ್ಚುವ ಹೊತ್ತಿಗೆ ಮಾವನವರು ಮರಳಿದರು. ಹಿಂದೆ ಆಳಿನ ಹೆಗಲ ಮೇಲೆ ಅದೇ ಕೌದಿ. ಎಲ್ಲರಿಗಿಂತ ಹೆಚ್ಚು ಕೂಗಿ ತಾವೇ ಕೊಂಡು ತಂದಿದ್ದರು. "ನಮ್ಮ ಮನಿ ಹೆಣ್ಮಗಳ ಕೈಕೆಲಸ, ಕಂಡವರ ಹಾಸಿಗ್ಯಾಗ ಯಾಕ ಬೀಳಬೇಕು?" ಎಂದು ಸಂತೋಷದಿಂದಲೇ ಹೇಳಿದರು. ನನಗೆ ಮರ್ಯಾದೆ ಮಾಡಿದೆನೆಂದೇ ಅವರು ತಿಳಿದಿದ್ದರು. ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಯಾಕೆ ಅಳುತ್ತೀ ಎಂದು ಯಾರೂ ಕೇಳಲಿಲ್ಲ.

ಮರುದಿನ ಅವರು ಕೌದಿಯನ್ನು ಅಂಗಡಿಯ ಗಾದಿಯ ಮೇಲೆ ಹಾಸಿದರು. ಬಂದ ಗಿರಾಕಿಗಳಿಗೆಲ್ಲ ತೋರಿಸುವರು. ಕೆಲಸ ಮುಗಿದಿದ್ದರಿಂದ ಗೆಳತಿಯರು ಬರಲು ನೆಪ ಉಳಿದಿರಲಿಲ್ಲ. ಅಟ್ಟ ಮತ್ತೆ ಮೂಟೆಗಳದಾಯಿತು.

ಬರುವ ದಾರಿ ಕಂಡುಹಿಡಿದವರು ಬಾಯಿ. ಒಂದು ದಿನ ಅಂಗಡಿಗೆ ಬಂದು ರವಿಕೆ ಬಟ್ಟೆ ತೆಗೆಸಿದರು. ತೆಗೆಸಿದ್ದೆಲ್ಲ ಬೇಡ ಎಂದರು. ಆಳು ಸುಸ್ತಾದ ಮೇಲೆ ಮಾವನವರಿಗೆ ಹೇಳಿದರು: "ನಿಮ್ಮ ಸೊಸೆಯನ್ನ ಸ್ವಲ್ಪ ಕರೀರಿ ಮಾರಾಯ್ರೆ. ಬಣ್ಣ ಅಂದ್ರೆ ಅವಳಿಗೇ ಗೊತ್ತು. ಈ ಕೌದಿ ನೋಡಿದ್ರೆ ತಿಳಿಯೂದಿಲ್ವ?"

ಹೊಗಳಿಸಿಕೊಂಡ ಮೇಲೆ ಇಲ್ಲವೆನ್ನುವುದು ಹೇಗೆ? ನನ್ನನ್ನು ಒಳಬಾಗಿಲ ಹೊಸ್ತಿಲ ತನಕ ಕರೆದರು. ನಾನು ಒಂದು ಹಸಿರು ಬಟ್ಟೆ ತೋರಿಸಿದೆ. ಬಾಯಿ ಕಣ್ಣು ಮಿಟುಕಿಸಿ ಅದನ್ನೇ ಕೊಂಡರು. ಮುಂದಿನ ವಾರ ಅಕ್ಕೋರು ಬಂದರು. ಆಮೇಲೆ ತಮ್ಮ ಪರಿಚಯದವರನ್ನೆಲ್ಲ ಕಳಿಸಿದರು. ಹೆಂಗಸರ ವ್ಯಾಪಾರ ಹೆಚ್ಚುವುದು ಕಂಡು ಮಾವನವರು ತಾವಾಗಿಯೇ ಹೊಸ್ತಿಲ ಈಚೆ ನನಗೊಂದು ಮಣೆ ಹಾಕಿಸಿದರು. ಎಷ್ಟೋ ವರ್ಷ ನಾನು ಅಲ್ಲಿ ಕೂತು ಬಟ್ಟೆ ಮಾರಿದೆ. ಬೀದಿ ಎದುರಿಗೇ ಕಾಣುತ್ತಿತ್ತು, ಇಳಿಯುವ ಹಾಗಿರಲಿಲ್ಲ. ಆಡಿದ ಮಾತೆಲ್ಲ ಗಾದಿಗೆ ಕೇಳುತ್ತಿತ್ತು.

ಕಾಲೇಜಿನ ಹುಡುಗಿ ಒಮ್ಮೆ ತಾಯಿಯ ಜೊತೆ ಮದುವೆಯ ಸೀರೆಗೆ ಬಂದಳು. ಓದು ಅರ್ಧಕ್ಕೆ ನಿಂತಿತ್ತು. ಗಂಡಿನ ಮನೆ ಮಾಗೋಡಿನ ಕಡೆ, ಕಾಡಿನ ನಡುವೆ. ಮೊದಲಿನ ನಗು ಇರಲಿಲ್ಲ. ತಾಯಿ ಬೆಲೆ ಕೇಳುತ್ತಿದ್ದಾಗ ನನ್ನ ಕಡೆ ಬಗ್ಗಿ ಸೀರೆಯ ಸೆರಗು ನೋಡುವವಳಂತೆ ಕೇಳಿದಳು: "ಎಂಗೆ ಹೆದರಿಕೆ ಆಗ್ತು. ಆ ಮನೆಲಿ ಆನು ಒಬ್ಬಳೇ ಎಂತ ಮಾಡದು?"

ಹೇಳುವುದು ಬಹಳ ಇತ್ತು. ಸೀರೆ ಬಿಚ್ಚಿ ಅವಳ ಮಡಿಲ ಮೇಲೆ ಹರವುತ್ತ ಮೆಲ್ಲಗೆ ಹೇಳಿದೆ: "ಒಬ್ಬಾಕಿನ ಕೂಡ್ರಬ್ಯಾಡ. ಅಕ್ಕಪಕ್ಕದವರನ್ನ ಕರಿ. ಕುಂತು ಮಾತಾಡೂಣು ಅಂದ್ರ ಮನ್ಯಾಗ ಬಿಡೂದಿಲ್ಲ. ಕೆಲಸ ಐತಿ ಅಂತ ಹೇಳಿ ಕರಿ."

ಮಾವನವರು ಕೆಮ್ಮಿದರು. "ಈ ಬಣ್ಣ ಹೋಗೂದಿಲ್ಲ ತಂಗಿ, ಎಷ್ಟ ಒಗದ್ರೂ" ಎಂದು ಗಟ್ಟಿಯಾಗಿ ಹೇಳಿ ಮುಂದಿನ ಸೀರೆ ತೆಗೆದೆ.