ಒವಿದಿಯೊ ನೀರು ಹಾಕುತ್ತಿದ್ದ ದೋಣಿ

ಒವಿದಿಯೊ ಸ್ಕಾರ್ಪಾಟಿ ಮೂವತ್ತೊಂದು ವರ್ಷ ಸಾನ್ ಫೆರ್ನಾಂದೊದ ಒಂದೇ ರಸ್ತೆಯಲ್ಲಿ ಬಸ್ಸು ಓಡಿಸಿದ. ಆ ರಸ್ತೆಯ ನದಿ ಬದಿಗೆ ಉದ್ದಕ್ಕೂ ದೋಣಿ ಯಾರ್ಡುಗಳ ಗೋಡೆ. ಚಾಲಕನ ಸೀಟಿನಿಂದ ಕಾಣುತ್ತಿದ್ದದ್ದು ಗೋಡೆಯ ಮೇಲೆ ಎದ್ದ ಹಾಯಿಮರಗಳ ತುದಿ ಮಾತ್ರ. ನಿವೃತ್ತನಾದ ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಯಾರ್ಡಿನ ಗೇಟಿಗೆ ಬಂದು ನಿಂತ.

"ಒಳಗೆ ಬಂದು ನೋಡಬಹುದಾ?"

ಯಾರ್ಡು ನಡೆಸುವ, ನಾವೆಲ್ಲ ಗೌರವಕ್ಕೆ ದೋನ್ಯಾ ಎಂದು ಕರೆಯುವ ಎರ್ನೆಸ್ತಿನಾ ಗಂಡ ಸತ್ತ ಮೇಲೆ ಯಾರನ್ನೂ ಸುಲಭವಾಗಿ ನಂಬಿದವಳಲ್ಲ. "ಏನು ನೋಡ್ಬೇಕು?" ಎಂದಳು.

"ಆ ಮರಗಳ ಕೆಳಗೆ ಏನಿದೆ ಅಂತ."

ಅಲ್ಲಿಂದ ಏಳು ವರ್ಷ ಅವನು ಪ್ರತಿದಿನ ಹತ್ತು ಗಂಟೆಗೆ ಬಂದ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಂಬ ಎಲೆಕಷಾಯ ಹೀರುವ ಸೋರೆಬುರುಡೆ. ದಡಕ್ಕೆಳೆದು ಆನಿಕೆ ಕೊಟ್ಟು ನಿಲ್ಲಿಸಿದ ದೋಣಿಗಳ ನಡುವೆ ಆಸ್ಪತ್ರೆಯ ವಾರ್ಡಿನಲ್ಲಿ ದೊಡ್ಡ ಡಾಕ್ಟರು ಸುತ್ತುವಂತೆ ಸುತ್ತುತ್ತಿದ್ದ. ವ್ಯತ್ಯಾಸವೆಂದರೆ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ನಾನು ಅದೇ ಯಾರ್ಡಿನಲ್ಲಿ ದೋಣಿಗಳ ಹಿಂಬದಿಗೆ ಹೆಸರು ಬರೆಯುವವನು. ದಿನವಿಡೀ ಒಂದೇ ಕಡೆ ಕೂರುವ ಕೆಲಸವಾದ್ದರಿಂದ ಅವನ ಸುತ್ತಾಟಕ್ಕೆ ನಾನೇ ಕೊನೆಯ ನಿಲ್ದಾಣವಾದೆ.

ಒಂದು ದಿನ ಕೇಳಿಯೇಬಿಟ್ಟೆ. "ಅಲ್ಲ ಮಾರಾಯ, ಇಷ್ಟು ಆಸೆ ಇರೋನು ಒಂದ್ಸಲ ದೋಣಿ ಹತ್ತಬಾರದಾ?"

"ನೀರಂದ್ರೆ ಭಯ. ಈಜೂ ಬರಲ್ಲ."

"ನದಿ ಪಕ್ಕದಲ್ಲೇ ಹುಟ್ಟಿದೋನು!"

"ಅದಕ್ಕೇ ಭಯ. ದೂರ ಹುಟ್ಟಿದ್ರೆ ಗೊತ್ತೇ ಆಗ್ತಿರಲಿಲ್ಲ." ಒಂದು ಗುಟುಕು ಹೀರಿ ಮುಂದುವರಿಸಿದ. "ನೀರಲ್ಲಿರೋ ದೋಣಿ ಅರ್ಧ ಮುಚ್ಚಿಟ್ಟುಕೊಂಡಿರುತ್ತೆ ಕಣೋ. ಅದರ ಓಟ ಎಲ್ಲಾ ಇರೋದು ಆ ಮುಚ್ಚಿದ ಅರ್ಧದಲ್ಲಿ."

ಅವನ ಮೆಚ್ಚುಗೆಯಲ್ಲಿ ಹಳತು ಹೊಸತೆಂಬ ಭೇದವಿರಲಿಲ್ಲ. ಕಪ್ಪು ಕಾರ್ಬನ್ನಿನ 'ವೆರ್ತಿಗೊ' ಎಂಬ ಹೊಸ ಓಟದ ದೋಣಿಯವರು ಹೊಟ್ಟೆಯಡಿಯ ಸೀಸದ ರೆಕ್ಕೆಯನ್ನು ಎದುರಾಳಿಗಳು ನೋಡಬಾರದೆಂದು ತಾಡಪಾಲು ಸುತ್ತಿ ಇಟ್ಟಿದ್ದರು. ಒವಿದಿಯೊ ಎರಡು ವಾರ ಅದರ ಎದುರು ಸುಮ್ಮನೆ ಕೂತ. ಮೂರನೇ ವಾರ ಅವರೇ ತಾಡಪಾಲು ಎತ್ತಿ ತೋರಿಸಿದರು. ಅವನು ಟೋಪಿ ತೆಗೆದು ನೋಡಿ, ಮತ್ತೆ ಇಟ್ಟುಕೊಂಡು, "ಯಾರಿಗೂ ಹೇಳಲ್ಲ" ಎಂದ. ಹೇಳಲೂ ಇಲ್ಲ. ನನಗೆ ಇವತ್ತಿಗೂ ಅದರ ಆಕಾರ ಗೊತ್ತಿಲ್ಲ.

ಆದರೂ ಅವನ ಮನಸ್ಸು ನಿಲ್ಲುತ್ತಿದ್ದದ್ದು 'ಕಲಾಂದ್ರಿಯಾ'ದ ಬಳಿ. ೧೯೩೭ರಲ್ಲಿ ಸೀಡರ್ ಹಲಗೆಯಲ್ಲಿ ಕಟ್ಟಿದ, ಒಂದು ಕಾಲದಲ್ಲಿ ರಿಯೋ ತನಕದ ಓಟ ಗೆದ್ದ ದೋಣಿ. ಅದರ ಹಿಂಬದಿಗೆ ನಾನೇ ಮೂರು ಸಲ ಹೆಸರು ಬರೆದಿದ್ದೇನೆ. ಎರಡು ಬೇಸಿಗೆ ನೆಲದ ಮೇಲೆ ಒಣಗಿ ಹಲಗೆಗಳು ಕುಗ್ಗಿದ್ದವು. ಸಂದುಗಳಲ್ಲಿ ಬೆಳಕು ಕಾಣುತ್ತಿತ್ತು. ಅದರ ಮಾಲೀಕರು ನೋಟರಿ ಗಾರ್ಮೆಂದಿಯಾ. ನಮ್ಮಲ್ಲಿ ಕಾನೂನು ಓದಿದವರೆಲ್ಲ ಡಾಕ್ಟರೇ ಆದ್ದರಿಂದ, ಯಾರ ನಾಡಿಯನ್ನೂ ಹಿಡಿಯದಿದ್ದರೂ ಅವರು ಡಾಕ್ಟರು. ನಡೆಯುವಾಗ ತಮ್ಮ ಹಿಂದೆ ನಾಲ್ಕು ಜನ ಬರುತ್ತಿದ್ದಾರೆಂಬಂತೆ ನಡೆಯುತ್ತಿದ್ದರು. ಮಾರ್ಚಿನಲ್ಲಿ ಕ್ಲಬ್ಬಿನವರ ಹಳೇ ದೋಣಿಗಳ ಓಟವಿತ್ತು. ಅದರಲ್ಲಿ ಅವರು ಚುಕ್ಕಾಣಿ ಹಿಡಿದು ನಿಲ್ಲಬೇಕು, ಫೋಟೋ ಆಗಬೇಕು.

ಜನವರಿಯಿಂದ ಒವಿದಿಯೊ ಯಾರಿಗೂ ಹೇಳದೆ ಒಂದು ಕೆಲಸ ಶುರು ಮಾಡಿದ್ದ. ದಿನಕ್ಕೆರಡು ಸಲ ಏಣಿ ಹತ್ತಿ, ಕಲಾಂದ್ರಿಯಾದ ಹೊಟ್ಟೆಯೊಳಗೆ ಹಾಸಿದ್ದ ಗೋಣಿತಾಟುಗಳಿಗೆ ಹೂತೋಟದ ಕ್ಯಾನಿನಲ್ಲಿ ನೀರು ಹಾಕುತ್ತಿದ್ದ. ಹಲಗೆ ತೇವ ಕುಡಿದು ಮೆಲ್ಲಗೆ ಹಿಗ್ಗಲಿ, ನೀರಿಗಿಳಿಸುವ ಹೊತ್ತಿಗೆ ಸಂದುಗಳು ತಾವಾಗಿ ಮುಚ್ಚಿಕೊಳ್ಳಲಿ ಎಂದು. ನಮ್ಮ ಹಳೇ ಬಡಗಿಗಳು ಹೀಗೆಯೇ ಮಾಡುತ್ತಿದ್ದರು.

ಕಾರ್ನಿವಲ್ ರಜೆಗೆ ಮುಂಚಿನ ಮಂಗಳವಾರ ನೋಟರಿಗಳು ಬಿಳಿ ಬೂಟು ಹಾಕಿಕೊಂಡು ಬಂದರು. ದೋಣಿಯಡಿ ನಿಂತರು. ಮೂಗಿನ ಮೇಲೆ ಹನಿ ಬಿತ್ತು.

"ದೋನ್ಯಾ ಎರ್ನೆಸ್ತಿನಾ! ನೀರಲ್ಲಿರೋ ದೋಣಿ ಒಳಗೆ ನೀರು ಬರೋದು ಕೇಳಿದ್ದೀನಿ. ನೆಲದ ಮೇಲಿರೋ ದೋಣಿಯಿಂದ ನೀರು ಹೊರಗೆ ಬರ್ತಾ ಇದೆಯಲ್ರೀ, ಇದೇನು ಪವಾಡ?"

ಪವಾಡ ಏಣಿಯಿಂದ ಕ್ಯಾನು ಹಿಡಿದುಕೊಂಡು ಇಳಿದು ಬಂತು.

ವಿಚಾರಣೆ ಅಂದು ಮುಗಿಯಲಿಲ್ಲ. ಮರುದಿನ ನೋಟರಿಗಳು ಸಂದು ಮುಚ್ಚಿಸಲು ಪ್ಲಾಸ್ಟಿಕ್ ದೋಣಿ ರಿಪೇರಿ ಮಾಡುವ ಒಬ್ಬನನ್ನು ಕರೆತಂದರು. ಎರಡು ಡಬ್ಬಿ ಕಲಸಿ ಹಚ್ಚಿದರೆ ಕಲ್ಲಿನಂತೆ ಗಟ್ಟಿಯಾಗುವ ಪುಟ್ಟಿ ಅವನದು. ಸಂಜೆಯೊಳಗೆ ಎರಡು ಸಂದು ತುಂಬಿದ. ಉಳಿದದ್ದು ರಜೆ ಮುಗಿದ ಮೇಲೆ, ಮುಂದಿನ ಬುಧವಾರ.

ಒವಿದಿಯೊಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಇದು ಬೇಡ. ಮರ ಹಿಗ್ಗುತ್ತೆ. ಸಂದಿನಲ್ಲಿ ಹತ್ತಿ, ಮೆತ್ತನೆ ಪುಟ್ಟಿ ಇದ್ರೆ ಜಾಗ ಬಿಟ್ಟುಕೊಡುತ್ತೆ. ಇದು ಕಲ್ಲು. ಜಾಗ ಸಿಗದಿದ್ರೆ ಹಲಗೆ ಮೊಳೆ ಕಿತ್ಕೊಂಡು ಏಳುತ್ತೆ, ಇಲ್ಲಾ ಚೌಕಟ್ಟಿನ ಪಕ್ಕೆಲುಬು ಮುರಿಯುತ್ತೆ. ದೋಣಿ ಹೋಗ್ಬಿಡುತ್ತೆ."

"ನೀವು ದೋಣಿ ಎಂಜಿನಿಯರಾ?"

"ಬಸ್ ಡ್ರೈವರು."

"ಹಾಯಿ ದೋಣಿಯಲ್ಲಿ ಎಷ್ಟು ದೂರ ಹೋಗಿದ್ದೀರಿ?"

"ಹೋಗಿಲ್ಲ."

"ಈಜು?"

"ಬರಲ್ಲ."

ನೋಟರಿಗಳು ಸುತ್ತಲೂ ನೋಡಿದರು. ನ್ಯಾಯಾಲಯವೇ ತುಂಬಿ ತುಳುಕುತ್ತಿದೆಯೆಂಬ ಹಾಗೆ. ಅಲ್ಲಿದ್ದದ್ದು ನಾನು, ಎರ್ನೆಸ್ತಿನಾ ಮತ್ತು ಅವಳ ಬೆಕ್ಕು. "ದೋನ್ಯಾ, ಈ ಮನುಷ್ಯ ಇನ್ನು ಒಳಗೆ ಬಂದರೆ ನನ್ನ ದೋಣಿ ಬೇರೆ ಯಾರ್ಡಿಗೆ ಹೋಗುತ್ತೆ."

ಎರ್ನೆಸ್ತಿನಾ ಗೇಟಿನ ತನಕ ಅವನ ಜೊತೆ ನಡೆದಳು. "ಕೆಲವು ದಿನ ಬರಬೇಡ ಒವಿದಿಯೊ."

"ಎಷ್ಟು ದಿನ?"

ಅವಳು ಗೇಟಿನ ಚಿಲಕ ತೆಗೆದಳು. ಅವನು ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಹೋಗುವಾಗ ಪುಟ್ಟಿಯವನು ಬಿಸಾಡಿದ್ದ ಎರಡು ಡಬ್ಬಿಗಳನ್ನು ಎತ್ತಿಕೊಂಡದ್ದನ್ನು ನಾನು ನೋಡಿದೆ. ಪಾಪ, ನೆನಪಿಗೆ ಇಟ್ಟುಕೊಳ್ಳಲಿ ಎಂದುಕೊಂಡೆ. ನನ್ನ ಬುದ್ಧಿ ಸಾಮಾನ್ಯವಾಗಿ ಇಷ್ಟೇ ದೂರ ಹೋಗುವುದು.

ಮುಂದಿನ ದಿನಗಳಲ್ಲಿ ಹತ್ತು ಗಂಟೆಗೆ ನನ್ನ ಕೈ ತಾನಾಗಿ ಬ್ರಷ್ಷು ಕೆಳಗಿಡುತ್ತಿತ್ತು. ಹರಟೆಯವರು ಬಾರದಿದ್ದರೆ ಕೆಲಸ ಬೇಗ ಆಗುತ್ತದೆಂದು ನಂಬಿದ್ದೆ. ಆ ವಾರ ಒಂದು ಹೆಸರಿನ ಮೂರನೇ ಅಕ್ಷರ ದಾಟಲಾಗಲಿಲ್ಲ. ಏಳು ವರ್ಷ ಒಬ್ಬ ಮನುಷ್ಯ ಏನನ್ನೂ ಕೇಳದೆ ಬರೀ ನೋಡಿಕೊಂಡು ಹೋದರೆ, ನೋಡಿಸಿಕೊಂಡ ವಸ್ತುಗಳಿಗೂ ಅಭ್ಯಾಸವಾಗಿಬಿಡುತ್ತದೇನೋ.

ಭಾನುವಾರ ಮಧ್ಯಾಹ್ನ ಯಾರ್ಡಿನಲ್ಲಿ ಎಂದಿನಂತೆ ಕೆಂಡದ ಮೇಲೆ ಮಾಂಸ ಸುಡುತ್ತಿತ್ತು. ನೋಟರಿಗಳೂ ಬಂದಿದ್ದರು. ತಮ್ಮ ಪಾಲಿನ ಪಕ್ಕೆಲುಬಿನ ತುಂಡು ಎಷ್ಟು ಬೇಯಬೇಕೆಂದು ಆಜ್ಞೆ ಕೊಡುತ್ತಿದ್ದರು. ಆಗ ಗೇಟಿನ ಹೊರಗಿಂದ ಕೂಗು.

"ಡಾಕ್ಟ್ರೇ, ನಾನು ಒಳಗೆ ಬರಲ್ಲ. ನೀವೇ ಹೊರಗೆ ಬನ್ನಿ."

ಒವಿದಿಯೊ ನಿಂತಿದ್ದ. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಏನೋ, ನೀರು ತೊಟ್ಟಿಕ್ಕುತ್ತಿತ್ತು. ನೋಟರಿಗಳು ಗೇಟಿಗೆ ಬಂದ ಮೇಲೆ ಬಿಚ್ಚಿದ. ಮರದ ಚೌಕಟ್ಟಿಗೆ ತಾಮ್ರದ ಮೊಳೆಯಿಂದ ಹೊಡೆದ ನಾಲ್ಕು ಸೀಡರ್ ಹಲಗೆ.

"ನಮ್ಮನೆ ಬೀರುವಿನ ಬಾಗಿಲು," ಎಂದ. "ಕೊಯ್ದು, ನಿಮ್ಮ ದೋಣಿ ಥರಾನೇ ಜೋಡಿಸಿದೆ. ಸಂದಿಗೆ ನಿಮ್ಮ ಡಬ್ಬಿಗಳ ತಳದಲ್ಲಿದ್ದ ಪುಟ್ಟಿ ತುಂಬಿದೆ. ಒಣಗಿದ ಮೇಲೆ ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿಟ್ಟೆ. ನೋಡಿ."

ನಾಲ್ಕು ಹಲಗೆಯಲ್ಲಿ ಎರಡು ಬೆನ್ನು ಬಾಗಿಸಿಕೊಂಡು ಎದ್ದಿದ್ದವು. ಚೌಕಟ್ಟು ಒಂದು ಮೂಲೆಯಲ್ಲಿ ಸೀಳಿತ್ತು. ಪುಟ್ಟಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ನೋಟರಿಗಳಿಗೆ ಸಾಕ್ಷ್ಯ ಮುಂದೆ ಬಂದರೆ ವೃತ್ತಿ ನೆನಪಾಗುತ್ತದೆ. "ಇದನ್ನು ನೀರಲ್ಲಿ ಇಟ್ಟದ್ದಕ್ಕೆ ಸಾಕ್ಷಿ ಯಾರು?"

"ನಮ್ಮಕ್ಕ. ಎರಡು ದಿನ ಸ್ನಾನ ಇಲ್ದೆ ಇದ್ದಾಳೆ. ಬೇಕಾದ್ರೆ ಕರ್ಕೊಂಡು ಬರ್ತೀನಿ, ಆದ್ರೆ ಈ ಸೆಕೆಯಲ್ಲಿ ನೀವು ಸ್ವಲ್ಪ ದೂರ ಕೂತ್ಕೋಬೇಕಾಗುತ್ತೆ."

ಕೆಂಡದ ಬಳಿ ಯಾರೋ ನಕ್ಕರು. ನೋಟರಿಗಳು ನಗಲಿಲ್ಲ. ಹಲಗೆಯಿಂದ ಹೊರಬಂದಿದ್ದ ಒಂದು ತಾಮ್ರದ ಮೊಳೆಯನ್ನು ಎರಡು ಬೆರಳಲ್ಲಿ ಎಳೆದರು. ಬೆಣ್ಣೆಯಿಂದ ಬಂದಂತೆ ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕಲಾಂದ್ರಿಯಾದ ಬಳಿಗೆ ನಡೆದು, ಪುಟ್ಟಿ ತುಂಬಿದ ಕಡೆ ಅಂಗೈ ಇಟ್ಟು ನಿಂತರು. ಆಗ ಅವರ ಹಿಂದೆ ನಾಲ್ಕು ಜನ ಇರಲಿಲ್ಲ. ಒಬ್ಬನೂ ಇರಲಿಲ್ಲ.

ವಾಪಸು ಬಂದು ಎರ್ನೆಸ್ತಿನಾಗೆ ಹೇಳಿದರು. "ಆ ಪುಟ್ಟಿ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ ಇತ್ತು. ಅವೆರಡು ಸಂದು ಕೆತ್ತಿ ತೆಗೆಸಿ. ಎಲ್ಲಾ ಕಡೆ ಹತ್ತಿ ಹಾಕಿಸಿ. ಮತ್ತೆ... ಈ ಮನುಷ್ಯನಿಗೆ ಒಂದು ತಟ್ಟೆ ಕೊಡಿ, ಮಾಂಸ ಆರ್ತಾ ಇದೆ."

ಒವಿದಿಯೊ ಗೇಟು ದಾಟುವ ಮುಂಚೆ ಎರ್ನೆಸ್ತಿನಾಳ ಮುಖ ನೋಡಿದ. "ಬಾರೋ," ಎಂದಳು ಅವಳು. "ಟವೆಲ್ ಹಿಂಡಿ ಬಾ."

ನೀರಿಗಿಳಿಸಿದ್ದು ಮಾರ್ಚಿನ ಮೊದಲ ಶುಕ್ರವಾರ. ನಮ್ಮಲ್ಲಿ ಒಣಗಿದ ಮರದ ದೋಣಿಯನ್ನು ಒಮ್ಮೆಗೇ ಬಿಡುವುದಿಲ್ಲ. ಕ್ರೇನಿನ ಪಟ್ಟಿಗಳಲ್ಲೇ ತೂಗಿಸಿ, ನೀರಲ್ಲಿ ಮುಳುಗುವಷ್ಟು ಮುಳುಗಿಸಿ ಕಾಯುತ್ತೇವೆ. ಮೊದಲು ಎಲ್ಲಾ ಸಂದಿನಿಂದಲೂ ನೀರು ನುಗ್ಗುತ್ತದೆ. ಹಲಗೆ ಹಿಗ್ಗಿದಂತೆ ಕಡಿಮೆಯಾಗುತ್ತದೆ. ಆಗದಿದ್ದರೆ ಮತ್ತೆ ಮೇಲೆತ್ತಬೇಕು. ಆ ವರ್ಷದ ಓಟವೂ ಇಲ್ಲ, ಇಷ್ಟು ಹಳೆಯ ದೋಣಿಗೆ ಬಹುಶಃ ಇನ್ನು ಯಾವ ಓಟವೂ ಇಲ್ಲ. ಒಳಗೆ ಒಬ್ಬರು ಕೂತು ನೀರು ತೋಡುತ್ತ ಸಂದುಗಳನ್ನು ನೋಡುತ್ತಿರಬೇಕು.

"ಯಾರು ಕೂರ್ತೀರಿ?" ಎಂದಳು ಎರ್ನೆಸ್ತಿನಾ.

"ಯಾವ ಸಂದು ಎಲ್ಲಿದೆ ಅಂತ ನನಗೆ ಗೊತ್ತು," ಎಂದ ಒವಿದಿಯೊ. ಅಷ್ಟು ಹೇಳುವಷ್ಟರಲ್ಲಿ ಅವನ ಮುಖ ಸುಣ್ಣ ಬಳಿದಂತಾಗಿತ್ತು. ನಾವು ಅವನಿಗೆ ತೇಲುವ ಜಾಕೆಟ್ ತೊಡಿಸಿದೆವು. ಅದರ ಮೇಲೆ ಇನ್ನೊಂದನ್ನು ಅವನೇ ಕೇಳಿ ತೊಟ್ಟ.

ಬೆಳಿಗ್ಗೆ ಒಂಬತ್ತಕ್ಕೆ ಇಳಿದ. ಕಟ್ಟೆಯ ಮೇಲೆ ನಮಗೆ ಕೇಳಿಸುತ್ತಿದ್ದದ್ದು ಬಕೆಟಿನ ಸದ್ದು, ನಡುನಡುವೆ ಅವನ ಪ್ರಾರ್ಥನೆ, ಒಂದೆರಡು ಬಾರಿ ಪ್ರಾರ್ಥನೆಗೆ ಹತ್ತಿರದ ಬೈಗುಳ. ಮೊದಲ ಗಂಟೆಯಲ್ಲಿ ಬಕೆಟು ಎಪ್ಪತ್ತು ಸಲ ಮೇಲೆ ಬಂತು. ಮಧ್ಯಾಹ್ನದ ಗಂಟೆಯಲ್ಲಿ ನಲವತ್ತು. ನೋಟರಿಗಳು ಕಟ್ಟೆಯ ಮೇಲೆ ಬಿಳಿ ಬೂಟಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಫೋಟೋದವನನ್ನು ಎರಡು ಸಲ ಕಾಯಿಸಿ, ಮೂರನೇ ಸಲ ಮನೆಗೆ ಕಳಿಸಿದರು.

ಮೂರು ಗಂಟೆಯ ಮೇಲೆ ಬಕೆಟು ಬರಲಿಲ್ಲ.

"ಏನಾಯ್ತು?" ನೋಟರಿಗಳು ಬಗ್ಗಿ ಕೂಗಿದರು. "ರೀ, ನಿಂತಿತಾ? ಮುಳುಗ್ತಾ ಇದೆಯಾ?"

"ಶ್! ಮಾತಾಡಬೇಡಿ ಡಾಕ್ಟ್ರೇ. ಹಲಗೆ ಕೂಡ್ಕೊಳ್ಳೋದು ಕೇಳಿಸ್ತಿದೆ."

ಜೀವಮಾನದಲ್ಲಿ ಬಹುಶಃ ಯಾರೂ ಅವರನ್ನು ಹಾಗೆ ಬಾಯಿ ಮುಚ್ಚಿಸಿರಲಿಲ್ಲ. ಅವರು ಬೂಟು ಬಿಚ್ಚಿದರು. ಕಾಲುಚೀಲ ಬಿಚ್ಚಿ ಮಡಿಸಿ ಬೂಟಿನೊಳಗಿಟ್ಟರು. ಪ್ಯಾಂಟನ್ನು ಮೊಣಕಾಲ ತನಕ ಮಡಚಿ, ಕೈ ಹಿಡಿಯಲು ಬಂದ ನನ್ನನ್ನು ಬೇಡವೆಂದು ತಡೆದು, ಒಬ್ಬರೇ ಒಳಗೆ ಇಳಿದರು.

ಸ್ವಲ್ಪ ಹೊತ್ತಿನ ಮೇಲೆ ನಾನು ಬಗ್ಗಿ ನೋಡಿದೆ. ಪಾದ ಮುಳುಗುವಷ್ಟು ನೀರಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಎರಡು ಜಾಕೆಟ್ ತೊಟ್ಟ ಒವಿದಿಯೊನ ಕೈ ನೋಟರಿಗಳ ತೋಳನ್ನು ಬಿಗಿಯಾಗಿ ಹಿಡಿದಿತ್ತು. ನೋಟರಿಗಳ ಕಿವಿ ಹಲಗೆಗೆ ಒತ್ತಿಕೊಂಡಿತ್ತು. ಎರ್ನೆಸ್ತಿನಾ ಕ್ರೇನಿನವನಿಗೆ ಕೈ ಸನ್ನೆ ಮಾಡಿದಳು. ಪಟ್ಟಿಗಳು ಸಡಿಲಾದವು, ಕಲಾಂದ್ರಿಯಾ ತಾನಾಗಿ ತೇಲಿತು. ಒಳಗಿದ್ದ ಇಬ್ಬರಿಗೂ ಅದು ಗೊತ್ತಾಗಲೇ ಇಲ್ಲ.