ನಜೀರ್ ಸಾಹೇಬರ ಬಾತ್ಮೀದಾರ

ನಜೀರ್ ಸಾಹೇಬರು ಸಿನಿಮಾ ನೋಡುವಾಗ ಟಿ.ವಿ.ಯ ಸದ್ದಡಗಿಸಿ, ಪಾತ್ರಗಳಿಗೆಲ್ಲ ತಾವೇ ಕನ್ನಡದಲ್ಲಿ ಮಾತು ಕೊಡುತ್ತಿದ್ದರು. ಲಾಕ್‌ಡೌನ್ ಬಿದ್ದಾಗ ಪರದೇಶದ ಅತ್ಲೋನ್ ಊರಿನಲ್ಲಿ ಕೆಲವರು ಸೇರಿ ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಇದ್ದದ್ದು ಒಂದೇ ಡಿವಿಡಿ, ಹಳೆಯದೊಂದು ಬ್ರಿಟಿಷ್ ಸಿನಿಮಾ: ಇಬ್ಬರು ಸುಪಾರಿ ಹಂತಕರು ಒಬ್ಬ ಬಾತ್ಮೀದಾರನನ್ನು ಕೊಲ್ಲಲು ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಕಥೆ. ಹಂತಕರ ಬಾಯಲ್ಲಿ ಶಿವಾಜಿನಗರದ ಕನ್ನಡ. ಬಾತ್ಮೀದಾರನಿಗೆ ಮಾತ್ರ ನನ್ನ ಮೂಗಿನ ಧ್ವನಿಯನ್ನು ದಯಪಾಲಿಸಿದ್ದರು.

"ಅವನೂ ನಿನ್ನಂಗೇ, ಕೇಳಿದ್ದಕ್ಕಿಂತ ಜಾಸ್ತಿ ಹೇಳ್ತಾನೆ," ಎನ್ನುತ್ತಿದ್ದರು. ನಾನು ಎದುರಾಡುವಂತಿರಲಿಲ್ಲ. ಕಂಪನಿಯಲ್ಲಿ ನನ್ನ ಕೆಲಸವೇ ಇನ್ನೊಬ್ಬರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕಿ ವರದಿ ಒಪ್ಪಿಸುವುದು.

ಅವರದು ಊರೊಳಗೆ ಮೊಬೈಲ್ ರಿಪೇರಿ ಅಂಗಡಿ. ಅದು ಮುಚ್ಚಿದ ಮೇಲೆ ಮನೆಯಲ್ಲಿ ನೆಟ್ಟಗಿದ್ದ ಸಾಮಾನುಗಳನ್ನೂ ಬಿಚ್ಚಿ ರಿಪೇರಿ ಮಾಡತೊಡಗಿದರು. ಕೆಟಲ್ ಸುಟ್ಟರೂ, ಅನ್ನ ಸೀದರೂ "ಗ್ರ್ಯಾಂಡ್ ಐತೆ ಬಿಡು" ಎಂಬ ಒಂದೇ ತೀರ್ಪು. ಹಾಗಾಗಿಯೇ, ಇನ್ನೂರು ಕಿಲೋಮೀಟರ್ ದೂರದ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬಳೇ ಮಗಳು ಆಯಿಷಾ, ಕೋವಿಡ್ ಬಂದು ಹೋದ ಮೇಲೆ "ಗ್ರ್ಯಾಂಡ್ ಇದೀನಿ ಅಬ್ಬಾ" ಎಂದು ಫೋನಿನಲ್ಲಿ ಹೇಳಿದಾಗ ಅವರು ನಂಬಲಿಲ್ಲ. ಕಣ್ಣಾರೆ ನೋಡಬೇಕಿತ್ತು.

ಆಗ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಈದ್ ದಿನ ಬೆಳಿಗ್ಗೆ ಬಿರಿಯಾನಿ ಮಾಡಿ ಕಾರು ತೆಗೆದರು. ಪಾತ್ರೆಯನ್ನು ಅವಳ ಬಾಗಿಲಲ್ಲಿಟ್ಟು, ಕಿಟಕಿಯಲ್ಲಿ ಮುಖ ನೋಡಿ ವಾಪಸ್ ಬರುವುದೆಂದು ಲೆಕ್ಕ. ಪಾತ್ರೆ ಹಿಡಿದುಕೊಳ್ಳಲು ನಾನು. "ಯಾರು ಏನೇ ಕೇಳ್ಲಿ, ನಾನು ಮಾತಾಡ್ತೀನಿ. ನೀನು ಮೂಗ," ಎಂದರು.

ಊರಾಚೆ ಪೊಲೀಸನೊಬ್ಬ ಕೈ ಅಡ್ಡ ಹಿಡಿದು ಎಲ್ಲಿಗೆಂದು ಕೇಳಿದ. ಇಲ್ಲೇ ದಿನಸಿಗೆ ಎಂದರು ಸಾಹೇಬರು. ಅವನು ನನ್ನ ತೊಡೆಯ ಮೇಲಿದ್ದ ಪಾತ್ರೆ ನೋಡಿ, ನನ್ನನ್ನು ನೋಡಿದ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ದೂರವೇ ಎನ್ನಬೇಕು ಎಂದು ಅಮ್ಮ ಕಲಿಸಿದ್ದಳು. ಕೇಳಿದರೆ ಹೇಳಬಾರದೆಂದು ಮಾತ್ರ ಕಲಿಸಿರಲಿಲ್ಲ. ಲೆಟರ್‌ಕೆನ್ನಿಗೆ ಎಂದೆ. ಸಾಲದೆಂಬಂತೆ ಮಗಳ ಹೆಸರನ್ನೂ, ಬಿರಿಯಾನಿ ಮಟನ್ನಿನದು ಎಂಬುದನ್ನೂ ವರದಿ ಒಪ್ಪಿಸಿದೆ. ಬಾಯಿಬಿಟ್ಟರೆ ಬಣ್ಣಗೇಡು. ಪೊಲೀಸ ಪಾಪ, ಬೇಸರದಿಂದಲೇ ಕಾರು ತಿರುಗಿಸಲು ಹೇಳಿದ.

ಮನೆಗೆ ಬಂದು ಸಾಹೇಬರು ನನ್ನ ಮುಂದೆ ತಟ್ಟೆ ಇಟ್ಟರು.

"ಪಿಚ್ಚರ್‌ನಲ್ಲಾಗಿದ್ರೆ ಇಷ್ಟೊತ್ತಿಗೆ ನಿನ್ನ ಮುಗಿಸಿರೋರು. ಕೂತ್ಕೋ, ತಿನ್ನು. ಅವಳ ಪಾಲಿಂದು."

ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಆದರೂ ಎರಡನೇ ಸಲ ಬಡಿಸಿಕೊಂಡೆ. ನನ್ನ ಹೊಟ್ಟೆಗೆ ಮಾನ ಮರ್ಯಾದೆ ಎಂದೂ ಇರಲಿಲ್ಲ. ಆಮೇಲೂ ಆ ಸಿನಿಮಾ ಹಾಕುತ್ತಿದ್ದರು. ಬಾತ್ಮೀದಾರನ ಸರದಿ ಬಂದಾಗ ಮಾತ್ರ ಸುಮ್ಮನಿರುತ್ತಿದ್ದರು. ಅವನು ತೆರೆಯ ಮೇಲೆ ಬರಿದೇ ಬಾಯಾಡಿಸುತ್ತಿದ್ದ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ನಿರ್ಬಂಧ ತೆರವಾದ ವಾರವೇ ಅವರು ಅಂಗಡಿ ಬಿಟ್ಟುಕೊಟ್ಟು ಮಗಳಿರುವಲ್ಲಿಗೆ ಹೊರಟರು. ಕಾರಿನ ಪಕ್ಕ ನಿಂತು, ಅಮ್ಮ ಕಲಿಸಿದಂತೆ, "ದೂರ ಹೊರಟ್ರಾ ಸಾಹೇಬ್ರೇ?" ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ, ವಾರಗಳಿಂದ ಕೇಳದಿದ್ದ ನನ್ನದೇ ಮೂಗಿನ ಧ್ವನಿಯಲ್ಲಿ ಹೇಳಿದರು:

"ಲೆಟರ್‌ಕೆನ್ನಿಗೆ. ಮಗಳ ಹತ್ರ. ಯಾರಾದ್ರೂ ಕೇಳಿದ್ರೆ ಹೇಳಪ್ಪ, ಈಗ ಹೇಳ್ಬೋದು."

ಮತ್ತೆ ನಾವು ಭೇಟಿಯಾಗಲಿಲ್ಲ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇದೆ. ಇದುವರೆಗೆ ಯಾರೂ ಕೇಳಿಲ್ಲ.